ಮಂಗ ಯಾವ ದಡದ್ದು?

1852ರ ಡಿಸೆಂಬರಿನಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದಲ್ಲಿ ಬ್ರಿಟಿಷ್ ನಿಸರ್ಗಶಾಸ್ತ್ರಜ್ಞ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಅಮೆಜಾನಿನ ಮಂಗಗಳ ಬಗ್ಗೆ ಒಂದು ಪ್ರಬಂಧ ಓದಿದರು. ಅದರಲ್ಲಿ ಒಂದು ತಕರಾರಿತ್ತು. ಸಂಗ್ರಹಾಲಯಗಳಲ್ಲಿ ಪ್ರಾಣಿಗಳಿಗೆ 'ಅಮೆಜಾನ್ ನದಿ' ಎಂದು ಚೀಟಿ ಕಟ್ಟಿಬಿಡುತ್ತಾರೆ, ಯಾವ ದಡ ಎಂಬುದನ್ನೇ ಬರೆಯುವುದಿಲ್ಲ. ಅವರು ಕಂಡಿದ್ದ 21 ಜಾತಿಯ ಮಂಗಗಳಲ್ಲಿ ಕೆಲವು ಅಮೆಜಾನ್, ಮಡೇರಾ, ರಿಯೊ ನೀಗ್ರೊದಂಥ ದೊಡ್ಡ ನದಿಗಳನ್ನು ದಾಟುತ್ತಲೇ ಇರಲಿಲ್ಲ. ಅಲ್ಲಿಯ ಬೇಟೆಗಾರರಿಗೆ ಇದು ಗೊತ್ತೇ ಇತ್ತು, ಬೇಕಾದ ಪ್ರಾಣಿ ಯಾವುದೋ ಅದರ ದಡಕ್ಕೆ ಅವರು ದೋಣಿ ತಿರುಗಿಸುತ್ತಿದ್ದರು. ನದಿಯ ಮೂಲದತ್ತ ಹೋದಂತೆ ಈ ಗಡಿ ಕರಗುತ್ತದೆ, ಎರಡೂ ದಡಗಳಲ್ಲಿ ಒಂದೇ ಜಾತಿಗಳು ಸಿಗುತ್ತವೆ ಎಂದೂ ಅವರು ಗಮನಿಸಿದ್ದರು.

ಅದೇ ವರ್ಷದ ಆಗಸ್ಟಿನಲ್ಲಿ, ಊರಿಗೆ ಮರಳುವಾಗ ಹಡಗಿಗೆ ಬೆಂಕಿ ಬಿದ್ದು ಅವರ ಬಳಿಯಿದ್ದ ಸಂಗ್ರಹವೆಲ್ಲ ಹೋಗಿತ್ತು. ಮಾದರಿ ಸುಟ್ಟುಹೋದರೂ ಅದು ಎಲ್ಲಿಯದು ಎಂಬ ಅರಿವು ಉಳಿದದ್ದರಿಂದ ಪ್ರಬಂಧ ಹುಟ್ಟಿತು. ಡಾರ್ವಿನ್ ಸ್ಥಿತಿ ತಿರುಗುಮುರುಗು. ಗ್ಯಾಲಪಗಾಸ್‌ನ ಫಿಂಚ್‌ ಹಕ್ಕಿಗಳು ಅವರ ಕೈಯಲ್ಲೇ ಇದ್ದವು, ಆದರೆ ಯಾವುದು ಯಾವ ದ್ವೀಪದ್ದು ಎಂದು ಬರೆದುಕೊಂಡಿರಲಿಲ್ಲ. ಕೊನೆಗೆ ಹಡಗಿನ ಇತರರು ಇಟ್ಟಿದ್ದ ಚೀಟಿಗಳ ಮೊರೆಹೋಗಬೇಕಾಯಿತು.

ವ್ಯಾಲೇಸ್ ಎಂದರೆ ಜೀವವಿಕಾಸದ ಬಗ್ಗೆ ಡಾರ್ವಿನ್‌ಗೆ ಪತ್ರ ಬರೆದವರು ಎಂದಷ್ಟೇ ನೆನೆಯುವ ರೂಢಿ ನಮ್ಮಲ್ಲಿದೆ. ಪ್ರಾಣಿಗಳ ಹರಡಿಕೆಯನ್ನು ಅಧ್ಯಯನ ಮಾಡುವವರಿಗೆ ಅವರು ಮೊದಲು ಚೀಟಿ ಬರೆಯಲು ಕಲಿಸಿದವರು. 1854ರಿಂದ 1862ರವರೆಗೆ ಮಲಯ ದ್ವೀಪಸಮೂಹದಲ್ಲಿ (ಈಗಿನ ಇಂಡೊನೇಷ್ಯಾ, ಮಲೇಷ್ಯಾದ ಸುತ್ತ) ಅವರ ತಂಡ ಕೂಡಿಹಾಕಿದ್ದು 1,25,660 ಮಾದರಿಗಳು. ಅವುಗಳಲ್ಲಿ ದುಂಬಿಗಳೇ 83,200. ಅನೇಕ ಹಕ್ಕಿಗಳನ್ನು ಹೊಡೆದು ತಂದು ಹದಮಾಡಿದ್ದು ಸರವಾಕ್‌ನ ಸಹಾಯಕ ಅಲಿ.

1856ರ ಜೂನಿನಲ್ಲಿ ಸುಲವೇಸಿ ದ್ವೀಪದ ಮಕಾಸರ್‌ಗೆ ನೇರ ಹಡಗು ಸಿಗದೆ ವ್ಯಾಲೇಸ್ ಬಾಲಿಗೆ ಹೋದರು, ಅಲ್ಲಿಂದ ಲೊಂಬೊಕ್‌ಗೆ. ನಡುವೆ ಸುಮಾರು 35 ಕಿ.ಮೀ. ನೀರು, ಅಷ್ಟೆ. ಬಾಲಿಯಲ್ಲಿ ನಮ್ಮ ಕಾಡುಗಳಲ್ಲಿರುವಂಥದೇ ಕುಟ್ರುಹಕ್ಕಿ, ಮರಕುಟಿಗ. ಲೊಂಬೊಕ್‌ನಲ್ಲಿ ಅವರಿಗೆ ಅವುಗಳ ಸುಳಿವು ಸಿಗಲಿಲ್ಲ, ಬದಲಿಗೆ ಆಸ್ಟ್ರೇಲಿಯಾ ಕಡೆಯ ಕಾಕಟೂ ಗಿಳಿ ಮತ್ತು ಮಣ್ಣಿನ ದಿಬ್ಬ ಕಟ್ಟಿ ಅದರ ಕಾವಿಗೆ ಮೊಟ್ಟೆ ಬಿಡುವ ಮೆಗಪೋಡ್. ಕಾರಣ ನೀರಿನ ಅಗಲದಲ್ಲಿಲ್ಲ, ಆಳದಲ್ಲಿದೆ. ಹಿಮಯುಗದಲ್ಲಿ ಸಮುದ್ರ ಸುಮಾರು 120 ಮೀಟರ್ ಇಳಿದಾಗ ಸುಮಾತ್ರ, ಜಾವಾ, ಬಾಲಿ, ಬೋರ್ನಿಯೊಗಳು ಏಷ್ಯಾದ ನೆಲಕ್ಕೆ ಕೂಡಿಕೊಂಡವು. ಲೊಂಬೊಕ್ ಜಲಸಂಧಿ 200 ಮೀಟರಿಗಿಂತ ಆಳವಾದ್ದರಿಂದ ಆಗಲೂ ಬತ್ತಲಿಲ್ಲ. ಸಮುದ್ರದ ಆಳದ ಮಾತನ್ನು 1845ರಲ್ಲೇ ಜಾರ್ಜ್ ವಿಂಡ್ಸರ್ ಅರ್ಲ್ ಎತ್ತಿದ್ದರು. ವ್ಯಾಲೇಸ್ ಅದನ್ನು ಪ್ರಾಣಿಗಳ ಪಟ್ಟಿಯೊಂದಿಗೆ ತಾಳೆ ನೋಡಿ, 1863ರಲ್ಲಿ ನಕ್ಷೆಯ ಮೇಲೆ ಬಾಲಿ-ಲೊಂಬೊಕ್, ಬೋರ್ನಿಯೊ-ಸುಲವೇಸಿಗಳ ನಡುವೆ ಗೆರೆ ಎಳೆದರು. 'ವ್ಯಾಲೇಸ್ ರೇಖೆ' ಎಂಬ ಹೆಸರು ಕೊಟ್ಟವರು ಜೀವವಿಜ್ಞಾನಿ ಹಕ್ಸ್ಲಿ, 1868ರಲ್ಲಿ.

ಆ ಗೆರೆಯನ್ನು ಶಿಲಾಶಾಸನ ಮಾಡಿಕೊಳ್ಳುವುದು ತಪ್ಪು. ಸುಲವೇಸಿಯಲ್ಲಿ ಕೋತಿಯೂ ಇದೆ, ಹೊಟ್ಟೆಚೀಲದ ಕಸ್ಕಸ್ಸೂ ಇದೆ. ಅದನ್ನು ಯಾವ ಕಡೆ ಸೇರಿಸುವುದೆಂದು ಜೀವನವಿಡೀ ತೂಗಿದ ವ್ಯಾಲೇಸ್, 1910ರಲ್ಲಿ, 87ನೇ ವಯಸ್ಸಿನಲ್ಲಿ, ಗೆರೆಯನ್ನೇ ದ್ವೀಪದ ಪೂರ್ವಕ್ಕೆ ಸರಿಸಿದರು. ಮಲೆನಾಡಿನ ಅಡಿಕೆ ತೋಟಗಳ ಹಾರುವ ಓತಿಯ ಕುಲವನ್ನು ನೋಡಿ. ಒಂದು ಜಾತಿ ನಮ್ಮ ಪಶ್ಚಿಮಘಟ್ಟದಲ್ಲಿ. ಉಳಿದವು ದೂರದ ಈಶಾನ್ಯ ಭಾರತದಿಂದ ಆಚೆಗೆ, ವ್ಯಾಲೇಸ್ ರೇಖೆಯನ್ನೂ ದಾಟಿ ತಿಮೋರ್‌ವರೆಗೆ. ಒಂದೇ ಪ್ರಾಣಿ ನಿಂತ ಜಾಗ ಗಡಿಯಾಗುವುದಿಲ್ಲ, ಆಹಾರವೋ ಪೈಪೋಟಿಯೋ ಅದನ್ನು ತಡೆದಿರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಗುಂಪುಗಳು ಒಂದೇ ಕಡೆ ನಿಂತರೆ ಮಾತ್ರ ನೆಲದ ಇತಿಹಾಸವನ್ನು ಅನುಮಾನಿಸಬೇಕು.

ಪ್ರಾಣಿಗಳ ಹರಡಿಕೆಯ ಕುರಿತ 1876ರ ಎರಡು ಸಂಪುಟಗಳಲ್ಲಿ ವ್ಯಾಲೇಸ್ ಭೂಮಿಯನ್ನು 6 ಪ್ರದೇಶ, 24 ಉಪಪ್ರದೇಶಗಳಾಗಿ ವಿಂಗಡಿಸಿದರು. ಆರರ ಚೌಕಟ್ಟು 1858ರಲ್ಲಿ ಪಕ್ಷಿಶಾಸ್ತ್ರಜ್ಞ ಸ್ಕ್ಲೇಟರ್ ಹಕ್ಕಿಗಳಿಗೆಂದು ಹಾಕಿದ್ದು. ದಕ್ಷಿಣ ಭಾರತ ಮತ್ತು ಸಿಂಹಳವನ್ನು ವ್ಯಾಲೇಸ್ ಒಂದೇ ಉಪಪ್ರದೇಶದಲ್ಲಿ ಇಟ್ಟರು. 2013ರಲ್ಲಿ 21,037 ಜಾತಿಯ ಉಭಯಚರ, ಹಕ್ಕಿ, ಸಸ್ತನಿಗಳ ವಂಶವೃಕ್ಷ ಸೇರಿಸಿ ಹೊಸ ನಕ್ಷೆ ಬರೆದಾಗ 11 ಮಹಾವಲಯಗಳು, 20 ಪ್ರದೇಶಗಳು ಬಂದವು.

ಲೆಕ್ಕದ ವಿಧಾನ ಎಷ್ಟೇ ಬೆಳೆದರೂ ತಪ್ಪು ನುಸುಳುವುದು ಇವತ್ತಿಗೂ ಚೀಟಿಯಲ್ಲೇ. ಹಳೆಯ ಮಾದರಿಯ ಮೇಲೆ 'ಮೈಸೂರು' ಎಂದಿದ್ದರೆ ಅದು ಊರೋ, ಜಿಲ್ಲೆಯೋ, ಇಡೀ ಸಂಸ್ಥಾನವೋ? ಸಂಗ್ರಹಿಸಿದವರ ಪ್ರಯಾಣದ ತಾರೀಖು ಹೊಂದಿಸಿ ನೋಡದೆ ನಕ್ಷೆಯಲ್ಲಿ ಚುಕ್ಕೆ ಇಡಬಾರದು. ಈಗಿನ ದಾಖಲೆಗಳಲ್ಲಿ ಅಕ್ಷಾಂಶ, ರೇಖಾಂಶ ಅದಲುಬದಲಾಗುವುದು ಮಾಮೂಲು. ತೀರ್ಥಹಳ್ಳಿಯ ಓತಿಯನ್ನು 75.24 ಉತ್ತರ, 13.69 ಪೂರ್ವ ಎಂದು ತುಂಬಿದರೆ ಅದು ನಾರ್ವೆಗೂ ಉತ್ತರದ ಹಿಮಸಮುದ್ರಕ್ಕೆ ಬೀಳುತ್ತದೆ. ಖಾಲಿ ಬಿಟ್ಟ ಅಂಕಣವನ್ನು ಕಂಪ್ಯೂಟರ್ ಸೊನ್ನೆ ಎಂದು ಓದಿದರೆ ಗಿನಿ ಕೊಲ್ಲಿಗೆ. ಇಂಥವು ಕಣ್ಣಿಗೆ ಬೀಳುತ್ತವೆ, ಹಿಡಿಯಬಹುದು. ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣ, ಅಪಾಯದಲ್ಲಿರುವ ಜಾತಿಯ ನೆಲೆ ಮರೆಮಾಚಲು ಚುಕ್ಕೆಯನ್ನು 0.2 ಡಿಗ್ರಿಯ, ಅಂದರೆ ಸುಮಾರು 22 ಕಿ.ಮೀ. ಚೌಕದೊಳಗೆ ಎಲ್ಲೋ ಇಟ್ಟುಬಿಡುತ್ತದೆ. ಅದನ್ನು ನಿಜವಾದ ಜಾಗವೆಂದು ನಂಬುವುದು ಹೆಚ್ಚು ಅಪಾಯ. ಘಟ್ಟದ ಮೇಲಿನ ಪ್ರಾಣಿ ಕರಾವಳಿಗೆ ಇಳಿದುಬಿಡುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ.

ನೀವೇ ಚೀಟಿ ಬರೆಯುವಾಗ ನೆನಪಿಡಿ: ಅಕ್ಷಾಂಶದಲ್ಲಿ ದಶಮಾಂಶದ 2 ಅಂಕಿ ಸುಮಾರು 1.1 ಕಿ.ಮೀ., 4 ಅಂಕಿ ಸುಮಾರು 11 ಮೀಟರ್. ಘಟ್ಟದ ಅಂಚಿನಲ್ಲಿ 1 ಕಿ.ಮೀ. ತಪ್ಪಿದರೆ ಎತ್ತರ ನೂರಾರು ಮೀಟರ್ ತಪ್ಪಬಹುದು, ಹಾಗಾಗಿ 4 ಅಂಕಿ ಬರೆಯಿರಿ, ಜೊತೆಗೆ ಫೋನು ತೋರಿಸುವ ದೋಷದ ಮೀಟರನ್ನೂ. ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಗಂಟೆ, ನೆಲೆ (ತೋಟವೋ, ಕಾಡೋ, ಹುಲ್ಲಿನ ಬ್ಯಾಣವೋ) ಇರಲಿ. ನದಿಯ ಬಳಿಯಾದರೆ ದಂಡೆ: ನೀರು ಹರಿಯುವ ಕಡೆಗೆ ಮುಖಮಾಡಿ ನಿಂತಾಗ ಎಡಗೈ ಬದಿಯದು ಎಡದಂಡೆ.

ಇನ್ನೊಂದು, ಎಲ್ಲರೂ ಬಿಡುವಂಥದು: ಎಷ್ಟು ಹೊತ್ತು, ಎಷ್ಟು ದೂರ ಹುಡುಕಿದಿರಿ, ಏನು ಸಿಗಲಿಲ್ಲ. ಒಂದು ದಂಡೆಯಲ್ಲಿ 20 ಗಂಟೆ ನಡೆದು, ಎದುರು ದಂಡೆಯಲ್ಲಿ ಸೇತುವೆಯ ಬುಡದಲ್ಲಿ ಅರ್ಧ ಗಂಟೆ ನಿಂತು 'ಇಲ್ಲಿ ಇಲ್ಲ' ಎಂದರೆ ಆ ಗಡಿ ಪ್ರಾಣಿಯದಲ್ಲ, ರಸ್ತೆಯದು. ಎರಡೂ ಕಡೆ ಅದೇ ಋತು, ಅದೇ ಬಗೆಯ ನೆಲೆ, ಅಷ್ಟೇ ಗಂಟೆಗಳು. ಆಮೇಲೆ ನದಿಯ ಮೇಲ್ಭಾಗಕ್ಕೆ ಹೋಗಿ, ಹೊಳೆ ಹಳ್ಳವಾಗುವಲ್ಲಿ ಎರಡು ದಡಗಳ ಪಟ್ಟಿ ಒಂದಾಗುತ್ತದೆಯೇ ನೋಡಿ. ಒಂದಾದರೆ ಕೆಳಗಿನ ವ್ಯತ್ಯಾಸಕ್ಕೆ ನದಿಯೇ ಕಾರಣವೆನ್ನಲು ಒಂದು ಪುರಾವೆ ಸಿಕ್ಕಂತೆ.