ಗೋದಾಮು ಯಾರದ್ದು?

"ಕ್ರಯಪತ್ರ ನನ್ನ ಹೆಸರಲ್ಲೇ ಇದೆ ಸಾರ್, ಇನ್ನೇನು ಬೇಕು?" ಪಾಲುದಾರರು ಬೇರೆಯಾಗುವ ಹೊತ್ತಿಗೆ ನನ್ನ ಹತ್ತಿರ ಬರುವವರ ಮೊದಲ ಮಾತು ಹೆಚ್ಚಾಗಿ ಇದೇ. ನಾನು ಪತ್ರ ಪಕ್ಕಕ್ಕಿಟ್ಟು ಅವರ ಪಾಲುದಾರಿಕೆ ಸಂಸ್ಥೆಯ, ಅಂದರೆ ಫರ್ಮ್‌ನ ಲೆಕ್ಕದ ಪುಸ್ತಕ ಕೇಳುತ್ತೇನೆ.

ಕಾನೂನಿನ ಕಣ್ಣಲ್ಲಿ ಕಂಪನಿ ತನ್ನ ಮಾಲೀಕರಿಂದ ಬೇರೆಯಾದ ವ್ಯಕ್ತಿ, ಆದರೆ ಫರ್ಮ್ ಅನ್ನೋದು ಪಾಲುದಾರರಿಂದ ಬೇರೆಯಾದ ವ್ಯಕ್ತಿಯಲ್ಲ. ಹಾಗಾಗಿ ಫರ್ಮ್‌ನ ಆಸ್ತಿ ಒಬ್ಬ ಪಾಲುದಾರರ ಹೆಸರಲ್ಲಿರುವುದು ಮಾಮೂಲು. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 14ನೇ ಸೆಕ್ಷನ್ ಮೊದಲ ಮರ್ಯಾದೆ ಕೊಡುವುದು ಪಾಲುದಾರರ ಒಪ್ಪಂದಕ್ಕೆ. ಅದರಲ್ಲಿ ಬೇರೆ ಮಾತಿಲ್ಲದಿದ್ದರೆ, ಬಂಡವಾಳವಾಗಿ ತಂದು ಹಾಕಿದ್ದು, ಫರ್ಮ್‌ಗಾಗಿ ಕೊಂಡಿದ್ದು, ಜೊತೆಗೆ ಗುಡ್‌ವಿಲ್ (ವ್ಯಾಪಾರ ಗಳಿಸಿದ ಹೆಸರಿನ ಬೆಲೆ), ಎಲ್ಲವೂ ಫರ್ಮ್‌ದೇ. ಫರ್ಮ್‌ನ ದುಡ್ಡಲ್ಲಿ ಕೊಂಡಿದ್ದನ್ನು ಫರ್ಮ್‌ಗಾಗಿಯೇ ಕೊಂಡಿದ್ದು ಅಂತ ಕಾನೂನು ಎಣಿಸುತ್ತದೆ. ಅಲ್ಲ ಅನ್ನುವವರು ಉದ್ದೇಶ ಬೇರೆಯಿತ್ತು ಅಂತ ತೋರಿಸಬೇಕು.

ಒಮ್ಮೆ ಒಂದು ಗೋದಾಮಿನ ಜಗಳ ಬಂತು. ಪತ್ರ ಒಬ್ಬರ ಹೆಸರಲ್ಲಿ, ಹಣ ಹೋಗಿದ್ದು ಫರ್ಮ್‌ನ ಖಾತೆಯಿಂದ. ಆ ದಿನದ ಎಂಟ್ರಿ ಎಲ್ಲಿ ಬಿದ್ದಿದೆ ಅಂತ ಹುಡುಕಿದೆ. ಅವರು ಸ್ವಂತಕ್ಕೆ ತೆಗೆದ ಹಣದ ಲೆಕ್ಕವಾದ ಡ್ರಾಯಿಂಗ್ಸ್‌ನಲ್ಲಿದ್ದರೆ, ತಮ್ಮ ಪಾಲಿನ ಹಣ ತೆಗೆದು ತಾವೇ ಕೊಂಡರು ಅಂತ ವಾದಿಸಬಹುದಿತ್ತು. ಆದರೆ ಅದು ಫರ್ಮ್‌ನ ಫಿಕ್ಸೆಡ್ ಅಸೆಟ್ಸ್ (ಸ್ಥಿರಾಸ್ತಿ) ಸಾಲಿನಲ್ಲಿತ್ತು. ವರ್ಷ ವರ್ಷವೂ ಸವಕಳಿ, ಅಂದರೆ ಹಳೆಯದಾದಂತೆ ಇಳಿಯುವ ಬೆಲೆ, ಕಳೆದಿದ್ದರು. ತೆರಿಗೆ, ಚಾವಣಿ ರಿಪೇರಿ ಎಲ್ಲ ಫರ್ಮ್ ಖರ್ಚು. ಪ್ರತಿ ಬ್ಯಾಲೆನ್ಸ್ ಶೀಟ್‌ನ ಕೆಳಗೂ ಇವರದೇ ಸಹಿ! ಅದನ್ನು ನೋಡಿದ ಮೇಲೆ ಅವರು ಕ್ರಯಪತ್ರದ ಮಾತೆತ್ತಲಿಲ್ಲ.

ಇದರ ಉಲ್ಟಾ ತಪ್ಪೂ ಜಾಸ್ತಿಯೇ. "ಇಷ್ಟು ವರ್ಷ ಇಲ್ಲೇ ವ್ಯಾಪಾರ ಮಾಡಿದ್ದೇವೆ, ಜಾಗ ಫರ್ಮ್‌ದೇ ಅಲ್ವಾ?" ಬಳಸಿದ ಮಾತ್ರಕ್ಕೆ ಹಾಗಾಗುವುದಿಲ್ಲ. ಮಾಲೀಕರು ಬಳಕೆಗಷ್ಟೇ ಕೊಟ್ಟಿರಬಹುದು. ಫರ್ಮ್ ಅವರಿಗೆ ಬಾಡಿಗೆ ಕಟ್ಟುತ್ತಿದ್ದರಂತೂ ವಾದ ಬಹುತೇಕ ಮುಗಿದ ಹಾಗೆ. ತನ್ನದೇ ಜಾಗಕ್ಕೆ ಯಾರಾದರೂ ಬಾಡಿಗೆ ಕಟ್ಟುತ್ತಾರಾ?

ಇಷ್ಟು ಕೆದಕುವುದು ಸುಮ್ನೆ ಅಲ್ಲ. ಫರ್ಮ್‌ನ ಆಸ್ತಿಯಾದರೆ ಫರ್ಮ್‌ಗೆ ಸಾಲ ಕೊಟ್ಟವರಿಗೆ ಅದರ ಮೇಲೆ ಮೊದಲ ಹಕ್ಕು. ಸ್ವಂತದ್ದಾದರೆ ಆ ಪಾಲುದಾರರಿಗೆ ಸ್ವಂತವಾಗಿ ಸಾಲ ಕೊಟ್ಟವರು ಮುಂದೆ ಬರುತ್ತಾರೆ. ಫರ್ಮ್ ನಡೆಯುತ್ತಿರುವಾಗ 'ಈ ಮೂಲೆ ನನ್ನದು' ಅಂತ ಯಾರೂ ಗೆರೆ ಎಳೆಯುವಂತಿಲ್ಲ. ಲಾಭದಲ್ಲಿ ಪಾಲು, ಮುಚ್ಚಿದಾಗ ಸಾಲ ತೀರಿ ಉಳಿದದ್ದರಲ್ಲಿ ಪಾಲು, ಅಷ್ಟೇ.

ಹೊಸ ಡೀಡ್ (ಪಾಲುದಾರಿಕೆ ಪತ್ರ) ಬರೆಯುವಾಗ ನಾನು ಆಸ್ತಿಗೇ ಬೇರೆ ಷೆಡ್ಯೂಲ್ (ಪಟ್ಟಿ) ಹಾಕುತ್ತೇನೆ. ಯಾವುದು ಬಂಡವಾಳ, ಯಾವುದು ಬರೀ ಬಳಕೆಗೆ ಅಂತ. "ನಮ್ಮೊಳಗೆ ಅದೆಲ್ಲ ಯಾಕೆ ಸಾರ್" ಅಂತ ಇಬ್ಬರೂ ಒಟ್ಟಿಗೇ ನಗುತ್ತಾರೆ.