ಹಾರ್ಟ್ ಫೇಲ್ಯೂರ್: ಕಾಲಿನ ಬಾವು ಇಳಿದ ಮೇಲಿನ ಕಥೆ

‘ಹಾರ್ಟ್ ಫೇಲ್ ಆಗಿ ಹೋಗಿಬಿಟ್ರಂತೆ’ ಅನ್ನುವುದು ನಮ್ಮಲ್ಲಿ ಸಾವಿನ ಸುದ್ದಿ. ಹಾಗಾಗಿ ಎದುರಿಗೆ ಕೂತು ಮಾತಾಡುತ್ತಿರುವ ಮನುಷ್ಯನಿಗೇ ಡಾಕ್ಟರು ‘ನಿಮಗೆ ಹಾರ್ಟ್ ಫೇಲ್ಯೂರ್ ಇದೆ’ ಎಂದರೆ ಮನೆಯವರ ಜಂಘಾಬಲವೇ ಉಡುಗುತ್ತದೆ. ಡಾಕ್ಟರು ಹೇಳುತ್ತಿರುವುದು ಬೇರೆ. ಹೃದಯ ನಿಂತಿಲ್ಲ, ಸೋತಿದೆ. ಬೇಕಾದಷ್ಟು ರಕ್ತ ಬರದಿದ್ದಾಗ ಮೂತ್ರಪಿಂಡಗಳು ಮೈಯಲ್ಲಿ ನೀರೇ ಕಡಿಮೆಯಾಯಿತೆಂದು ಭ್ರಮಿಸಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಆ ನೀರು ಪಾದಕ್ಕಿಳಿದರೆ ಬಾವು, ಶ್ವಾಸಕೋಶ ಸೇರಿದರೆ ಉಬ್ಬಸ. ರಾತ್ರಿ ಒಂದು ದಿಂಬು ಸಾಲದೆ ಎರಡಾಗುತ್ತದೆ, ಮೂರಾಗುತ್ತದೆ.

1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಫಾಕ್ಸ್‌ಗ್ಲವ್ ಗಿಡದ ಎಲೆಯಿಂದ ಬಾವು ಇಳಿಸಿದ್ದನ್ನು ಬರೆದಿಟ್ಟರು. 1950ರ ದಶಕದ ಕೊನೆಗೆ ಮೂತ್ರ ಹೋಗಿಸುವ ಹೊಸ ಮಾತ್ರೆಗಳು ಬಂದವು. ಬಿಪಿ ಇಳಿಸುವ ಎನಲಾಪ್ರಿಲ್ ಮಾತ್ರೆ ಆಯುಷ್ಯವನ್ನೂ ಹೆಚ್ಚಿಸುತ್ತದೆಂದು ತಿಳಿದದ್ದು 1987ರಲ್ಲಿ. ಇಂಥ ರೋಗಿಗಳಿಗೆ ಕೊಡಲೇಬಾರದೆಂದು ಕಲಿಸುತ್ತಿದ್ದ, ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಗಳೇ ಜೀವ ಉಳಿಸುತ್ತವೆಂದು 1999ರಲ್ಲಿ ಖಚಿತವಾಯಿತು. 2019ರಲ್ಲಿ ಸಕ್ಕರೆ ಕಾಯಿಲೆಯ ಡಪಾಗ್ಲಿಫ್ಲೋಜಿನ್ ಕೂಡ ಈ ಸಾಲಿಗೆ ಸೇರಿತು.

ಔಷಧದ ಕಥೆ ಇಷ್ಟು ಚೆನ್ನಾಗಿದೆ. ರೋಗಿಯ ಕಥೆ ಹಾಗಿಲ್ಲ. 2013ರಲ್ಲಿ ತಿರುವನಂತಪುರ ಜಿಲ್ಲೆಯ 18 ಆಸ್ಪತ್ರೆಗಳಲ್ಲಿ ದಾಖಲಾದ 1,205 ಮಂದಿಯ ಲೆಕ್ಕ ಇಟ್ಟರು. ಸರಾಸರಿ ವಯಸ್ಸು 61ರ ಆಸುಪಾಸು, ಅಂದರೆ ಪಾಶ್ಚಾತ್ಯ ದೇಶಗಳ ರೋಗಿಗಳಿಗಿಂತ ಸುಮಾರು ಹತ್ತು ವರ್ಷ ಚಿಕ್ಕವರು. ವರ್ಷದೊಳಗೆ ಹೆಚ್ಚುಕಡಿಮೆ ಮೂರರಲ್ಲೊಬ್ಬರು ತೀರಿಕೊಂಡರು. ಹೃದಯದ ಪಂಪಿಂಗ್ ಕುಗ್ಗಿದವರಲ್ಲಿ, ಮನೆಗೆ ಹೊರಡುವಾಗ ಪೂರ್ತಿ ಔಷಧಕ್ರಮ ಕೈಗೆ ಸಿಕ್ಕಿದ್ದು ಕಾಲುಭಾಗ ಜನರಿಗೆ ಮಾತ್ರ. ಆರೋಗ್ಯ ವ್ಯವಸ್ಥೆಗೆ ಹೆಸರಾದ ಕೇರಳದ ಮಾತು ಇದು.

ಇದರಲ್ಲಿ ಯಾರ ತಪ್ಪೆಂದು ಬೆರಳು ತೋರಿಸುವುದು ಕಷ್ಟ. ಸ್ಟೆಂಟ್ ಹಾಕಿದರೆ ಒಂದೇ ಬಿಲ್ಲಿನಲ್ಲಿ ಲೆಕ್ಕ ಮುಗಿಯುತ್ತದೆ, ವಿಮೆಗೂ ಅದು ಸಲೀಸು. ಈ ಕಾಯಿಲೆಗೆ ಬೇಕಿರುವುದು ಎರಡು ವಾರಕ್ಕೊಮ್ಮೆ ಬಿಪಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಡೋಸನ್ನು ಸ್ವಲ್ಪಸ್ವಲ್ಪವೇ ಏರಿಸುವ ತಾಳ್ಮೆ. ಅದಕ್ಕೆ ಪ್ಯಾಕೇಜ್ ಇಲ್ಲ. ಇತ್ತ ಬಾವು ಇಳಿಯುತ್ತಿದ್ದಂತೆ ‘ಈಗ ಆರಾಮಿದೀನಲ್ಲ’ ಎಂದು ಮಾತ್ರೆ ನಿಲ್ಲುತ್ತದೆ. ಸಾರಿಗೆ ಉಪ್ಪು ಕಮ್ಮಿ ಮಾಡಿದವರು ಉಪ್ಪಿನಕಾಯಿ, ಹಪ್ಪಳವನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಮೂರು ದಿನದಲ್ಲಿ ಎರಡು ಕೆಜಿ ತೂಕ ಏರಿದರೆ ಅದು ಕೊಬ್ಬಲ್ಲ, ನೀರು. ಆಗಲೇ ಡಾಕ್ಟರಿಗೆ ಫೋನ್ ಮಾಡಿದರೆ ಎಷ್ಟೋ ಸಲ ಮಾತ್ರೆಯಲ್ಲೇ ಮುಗಿಯುತ್ತದೆ, ಐಸಿಯುವರೆಗೆ ಹೋಗುವುದಿಲ್ಲ. ಅದು ಗೊತ್ತಾಗಬೇಕಾದರೆ ಮನೆಯಲ್ಲೊಂದು ತೂಕದ ಯಂತ್ರ ಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನು ಬರೆದುಕೊಟ್ಟದ್ದು ನಾನಂತೂ ನೋಡಿಲ್ಲ.