ಆ ಮಗುವಿನ ಹೆಸರೇನು, ಸರ್?

ಜೂನ್ ಬಂತೆಂದರೆ ಮುಂಬಯಿಯ ಎಷ್ಟೋ ಕನ್ನಡ ಶಾಲೆಗಳ ಗೇಟಿನ ಮೇಲೆ ಹತ್ತನೇ ತರಗತಿಯ ಪರೀಕ್ಷೆಯ ಬ್ಯಾನರ್ ಏರುತ್ತದೆ: ‘ಎಸ್‌ಎಸ್‌ಸಿ ಫಲಿತಾಂಶ ಶೇ. 100’. ಸಂತೋಷದ ವಿಷಯವೇ. ಆದರೆ ಅದೇ ಶಾಲೆಯ ಮುಖ್ಯೋಪಾಧ್ಯಾಯರು, ಮೇಲ್ವಿಚಾರಕರು, ಆಡಳಿತ ಮಂಡಳಿಯ ಒಬ್ಬಿಬ್ಬರು ಸೇರಿ ಕೂತಾಗ ‘ಆರನೇ ತರಗತಿಯಲ್ಲಿ ಸರಾಗವಾಗಿ ಓದಲು ಬಾರದ ಮಕ್ಕಳು ಯಾರು?’ ಎಂದು ಕೇಳಿ ನೋಡಿ. ‘ಶೇಕಡಾ ಹದಿನೈದು ಇರಬಹುದು’ ಎನ್ನುತ್ತಾರೆ. ಇರುವುದೇ ಮೂವತ್ತು ಮಕ್ಕಳು. ಶೇಕಡಾ ಹದಿನೈದು ಎಂದರೆ ನಾಲ್ಕೂವರೆ ಮಗು. ಆ ಅರ್ಧ ಮಗು ಯಾವುದು ಅಂತ ಬಾಯಿಗೆ ಬರುತ್ತದೆ, ಕೇಳಲಾಗುವುದಿಲ್ಲ; ಎದುರಿಗಿರುವವರು ಹಿರಿಯರು.

ಶಾಲೆ ನಡೆಸುವ ತಂಡಗಳ ಜೊತೆ ಕೆಲಸ ಮಾಡುವ ನಮ್ಮಂಥವರು ತಲೆ ಚಚ್ಚಿಕೊಳ್ಳುವುದು ಇದೊಂದೇ ವಿಷಯಕ್ಕೆ. ಅಂಕಿಅಂಶಕ್ಕೆ ಶಾಲೆಗಳಲ್ಲಿ ಬರವಿಲ್ಲ. ರಾಜ್ಯ ಸರ್ಕಾರದ ಸರಳ್ ಪೋರ್ಟಲ್‌ಗೆ ಹೋಗುತ್ತದೆ, ಕೇಂದ್ರದ ಶಾಲಾ ಮಾಹಿತಿ ಜಾಲ ಯುಡೈಸ್‌ಗೆ ಹೋಗುತ್ತದೆ, ನಿಯತಕಾಲಿಕ ಪರೀಕ್ಷೆಯ ಅಂಕಗಳು ಮೇಲೆ ಹೋಗುತ್ತವೆ. ಹೋಗುತ್ತವೆ ಅಷ್ಟೇ, ಶಾಲೆಯೊಳಗೆ ಯಾವ ಕೆಲಸಕ್ಕೂ ಬರುವುದಿಲ್ಲ. ಸಭೆಯಲ್ಲಿ ಓದುವುದು ಸರಾಸರಿಯನ್ನು ಮಾತ್ರ.

ಸರಾಸರಿ ಏನು ಮಾಡುತ್ತದೆ ನೋಡಿ. ಮೂವತ್ತು ಮಕ್ಕಳ ತರಗತಿಯ ಗಣಿತದ ಸರಾಸರಿ ಮೊದಲ ಘಟಕ ಪರೀಕ್ಷೆಯಲ್ಲಿ 48 ಇತ್ತು, ಮುಂದಿನದರಲ್ಲಿ 53 ಆಯಿತು ಎಂದಿಟ್ಟುಕೊಳ್ಳಿ. ಎಲ್ಲರಿಗೂ ಖುಷಿ. ಒಟ್ಟು ಏರಿದ್ದು 150 ಅಂಕ. ಮೊದಲೇ ಚೆನ್ನಾಗಿ ಓದುತ್ತಿದ್ದ ಹದಿನೈದು ಮಕ್ಕಳು ತಲಾ ಹತ್ತು ಅಂಕ ಹೆಚ್ಚು ತೆಗೆದರೆ ಆ 150 ಅಲ್ಲಿಗೇ ಮುಗಿಯಿತು. ಉಳಿದ ಹದಿನೈದು ಮಕ್ಕಳಿಗೆ ಒಂದಂಕವೂ ಏರಿರಬೇಕಾಗಿಲ್ಲ. ವರದಿಯಲ್ಲಿ ಮಾತ್ರ ‘ಪ್ರಗತಿ ತೃಪ್ತಿಕರ’.

ಹಾಜರಿಯದು ಇನ್ನೂ ಮೋಸ. ಮೂವತ್ತು ಮಕ್ಕಳು, ನೂರು ದಿನ, ಹಾಜರಿ ಶೇ. 92. ಗೈರು ಒಟ್ಟು 240. ಇಪ್ಪತ್ತಾರು ಮಕ್ಕಳು ಜ್ವರ, ಮದುವೆ, ಮಳೆ ಅಂತ ತಲಾ ನಾಲ್ಕು ದಿನ ತಪ್ಪಿಸಿದರೆ 104 ಆಯಿತು. ಮಿಕ್ಕ 136 ನಾಲ್ಕೇ ಮಕ್ಕಳದು, ತಲಾ ಮೂವತ್ತನಾಲ್ಕು ದಿನ. ಶಾಲೆಯ ಮೂರನೇ ಒಂದು ಭಾಗವನ್ನು ಕಳೆದುಕೊಂಡ ಆ ನಾಲ್ವರು ಶೇ. 92ರೊಳಗೆ ಹಾಯಾಗಿ ಅಡಗಿರುತ್ತಾರೆ. ಇದನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದು ತೋರಿಸಿದರೂ ಮುಂದಿನ ತಿಂಗಳು ಮತ್ತೆ ಶೇಕಡಾವಾರು ಪಟ್ಟಿಯೇ ಮೇಜಿಗೆ ಬರುತ್ತದೆ, ಅದೂ ಬಣ್ಣ ಹಚ್ಚಿದ ಎಕ್ಸೆಲ್‌ನಲ್ಲಿ.

ಯಾಕೆ ಹೀಗೆ ಎಂಬುದೂ ಅರ್ಥವಾಗದ್ದೇನಲ್ಲ. ಪಟಸಂಖ್ಯೆ, ಅಂದರೆ ದಾಖಲಾದ ಮಕ್ಕಳ ಸಂಖ್ಯೆ, ಇಳಿಯುವ ಭಯ. ಸಂಚ್ ಮಾನ್ಯತೆ, ಅಂದರೆ ಶಾಲೆಗೆ ಎಷ್ಟು ಶಿಕ್ಷಕರ ಹುದ್ದೆ ಎಂಬ ಸರ್ಕಾರಿ ಮಂಜೂರಾತಿ, ಸೆಪ್ಟೆಂಬರ್ 30ರ ದಾಖಲೆಯ ಮೇಲೆ ತೀರ್ಮಾನವಾಗುತ್ತದೆ. ಮಕ್ಕಳು ಕಡಿಮೆಯಾದರೆ ಶಿಕ್ಷಕರು ‘ಅತಿರಿಕ್ತ’ರು, ಅಂದರೆ ಹೆಚ್ಚುವರಿ ಆಗುತ್ತಾರೆ. ಒಂದೊಂದು ತರಗತಿಗೆ ಹತ್ತು ಹನ್ನೆರಡು ಮಕ್ಕಳನ್ನು ಮನೆಮನೆ ಸುತ್ತಿ ತಂದು ಕೂರಿಸಿದ ಟೀಚರಿಗೆ ‘ಈ ಹುಡುಗ ವಾರಕ್ಕೆ ಎರಡು ದಿನ ಬರುವುದಿಲ್ಲ’ ಎಂದು ಸಭೆಯಲ್ಲಿ ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಆದ್ದರಿಂದ ತಂಡ ಮೊದಲೇ ಒಂದು ಮಾತು ಖಚಿತಪಡಿಸಬೇಕು: ಇಲ್ಲಿ ಹೇಳುವ ಹೆಸರು ಯಾರ ಮೇಲಿನ ದೂರೂ ಅಲ್ಲ, ಯಾರ ಗೋಪನೀಯ ವರದಿಗೂ ಹೋಗುವುದಿಲ್ಲ. ಇದನ್ನು ಮುಖ್ಯೋಪಾಧ್ಯಾಯರೇ ಬಾಯಿಬಿಟ್ಟು ಹೇಳಬೇಕು. ಹೇಳಿದಂತೆ ನಡೆಯಲೂಬೇಕು. ಒಮ್ಮೆ ಮಾತು ತಪ್ಪಿದರೆ ಆ ವರ್ಷವಿಡೀ ನಿಮಗೆ ಸಿಗುವುದು ಶೇಕಡಾವಾರು ಮಾತ್ರ.

ಹೆಸರಿನ ಪಟ್ಟಿ ಎರಡು ಕಡೆಯಿಂದ ಬರಬೇಕು. ಒಂದು ಮಸ್ಟರ್, ಅಂದರೆ ಹಾಜರಿ ಪುಸ್ತಕ. ತಿಂಗಳಲ್ಲಿ ಎರಡಕ್ಕಿಂತ ಹೆಚ್ಚು ದಿನ ತಪ್ಪಿಸಿದ ಮಗುವಿನ ಹೆಸರು ಬರೆದುಕೊಳ್ಳಿ. ಜುಲೈಯ ಮಳೆಗೆ ಲೋಕಲ್ ರೈಲು ನಿಂತ ದಿನಗಳನ್ನೂ, ದೀಪಾವಳಿ ರಜೆ ಮುಗಿದರೂ ಕಲಬುರಗಿ, ಯಾದಗಿರಿ ಕಡೆಯಿಂದ ಮಕ್ಕಳು ಇನ್ನೂ ಮರಳದ ವಾರವನ್ನೂ ಬೇರೆ ಗುರುತಿಡಿ. ಅವಕ್ಕೆ ಮದ್ದು ಬೇರೆ. ಎಷ್ಟು ದಿನ ಎನ್ನುವುದಕ್ಕಿಂತ ಯಾವ ದಿನ ಎಂಬುದನ್ನು ನೋಡಿ.

ಒಂದು ಶಾಲೆಯ ಏಳನೇ ತರಗತಿಯ ಮಸ್ಟರಿನಲ್ಲಿ ಒಬ್ಬ ಹುಡುಗಿಯ ಸಾಲು ಹೀಗಿತ್ತು: ಒಂದು ವಾರ ಪೂರ್ತಿ ಹಾಜರಿ, ಮರುವಾರ ಮೂರು ನಾಲ್ಕು ಗೈರು, ಮತ್ತೆ ಪೂರ್ತಿ ಹಾಜರಿ. ‘ಓದಿನಲ್ಲಿ ಆಸಕ್ತಿಯಿಲ್ಲ’ ಎಂದು ಷರಾ. ತಾಯಿ ಆಸ್ಪತ್ರೆಯೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸದವಳು, ವಾರ ಬಿಟ್ಟು ವಾರ ಬೆಳಗಿನ ಪಾಳಿ. ಆ ವಾರ ಚಾಳಿನ ನಲ್ಲಿಯಲ್ಲಿ ನೀರು ಹಿಡಿಯುವುದು ಮಗಳ ಪಾಲಿಗೆ. ನೀರು ಬರುವುದು ಆರೂವರೆಗೆ, ಶಾಲೆಯ ಗಂಟೆ ಏಳಕ್ಕೆ. ತಡವಾಗಿ ಬಂದವರು ಗೇಟಿನ ಬಳಿ ಒಂದು ಪೀರಿಯಡ್ ನಿಲ್ಲಬೇಕೆಂಬುದು ಶಾಲೆಯ ಶಿಸ್ತು. ಬೀದಿಯವರೆಲ್ಲ ನೋಡುವಂತೆ ನಿಲ್ಲುವುದಕ್ಕಿಂತ ಮನೆಗೆ ಹಿಂತಿರುಗುವುದೇ ವಾಸಿ ಎಂದು ಹುಡುಗಿ ಲೆಕ್ಕ ಹಾಕಿದ್ದಳು. ಗೈರಿಗೆ ಕಾರಣ ನೀರಲ್ಲ, ಗೇಟು. ಇಪ್ಪತ್ತು ನಿಮಿಷ ತಡವಾದರೂ ಸೀದಾ ತರಗತಿಗೆ ಹೋಗು ಅಂದಿದ್ದಕ್ಕೆ ಮಸ್ಟರಿನ ತೂತುಗಳು ಮುಚ್ಚಿದವು. ಇದಕ್ಕೆ ಸಮುಪದೇಶಕರು ಬೇಕಾಗಿರಲಿಲ್ಲ, ಪ್ರೇರಣಾ ಭಾಷಣವೂ ಬೇಕಾಗಿರಲಿಲ್ಲ.

ಇನ್ನೊಂದು ಕಡೆಯೆಂದರೆ ಓದು. ಮೂರನೇ ತರಗತಿಯಿಂದ ಎಂಟರವರೆಗೆ ಪ್ರತಿ ಮಗುವನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಿ. ಮಕ್ಕಳ ಓದು ಅಳೆಯುವ ಅಸರ್ ಸಮೀಕ್ಷೆಯಲ್ಲಿ ಬಳಸುವ ಮೆಟ್ಟಿಲುಗಳೇ ಸಾಕು: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕತೆ. ಮಗುವಿಗೆ ನಾಲ್ಕು ನಿಮಿಷ. ಮೂವತ್ತು ಮಕ್ಕಳಿಗೆ ಎರಡು ಗಂಟೆ. ಇಬ್ಬರು ಹಂಚಿಕೊಂಡರೆ ಒಂದು ಗಂಟೆ. ಕೆಡುವುದು ಎಲ್ಲಿ ಅಂದರೆ, ಶಾಲೆಯ ಬಾಲಭಾರತಿ ಪಠ್ಯಪುಸ್ತಕದ ಪಾಠವನ್ನೇ ಕೊಟ್ಟರೆ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ, ಕಣ್ಣು ಕಿಟಕಿಯ ಕಡೆ ಇರುತ್ತದೆ. ಎಲ್ಲರಿಗೂ ಒಂದೇ ಚೀಟಿ ಕೊಟ್ಟರೆ ಸಾಲಿನಲ್ಲಿ ನಿಂತವರು ಕೇಳಿಸಿಕೊಂಡೇ ಕಲಿತುಬಿಡುತ್ತಾರೆ. ಮೂರು ಬೇರೆ ಚೀಟಿ ಇರಲಿ. ತರಗತಿ ಶಿಕ್ಷಕರು ತಮ್ಮ ಮಕ್ಕಳನ್ನು ತಾವೇ ಓದಿಸಬಾರದು, ಅದಲುಬದಲಾಗಬೇಕು. ಅಪನಂಬಿಕೆಯಿಂದಲ್ಲ. ಮಗು ಒತ್ತಕ್ಷರದ ಮುಂದೆ ತಡವರಿಸಿದ ಕೂಡಲೇ ಅವರಿಗೆ ಗೊತ್ತಿಲ್ಲದೆಯೇ ತುಟಿ ಅಲ್ಲಾಡಿರುತ್ತದೆ.

ಓದಿದ ಮೇಲೆ ಎರಡು ಪ್ರಶ್ನೆ ಕೇಳಲೇಬೇಕು. ಕನ್ನಡದಲ್ಲಿ ಅಕ್ಷರ ಕೂಡಿಸಲು ಬಂದ ಮಗು ಅರ್ಥವಾಗದೆಯೂ ಗಡಗಡನೆ ಓದಬಲ್ಲದು. ನಮ್ಮ ಶಾಲೆಗಳಲ್ಲಿ ಮನೆಮಾತು ಲಂಬಾಣಿ, ಗೆಳೆಯರ ಮಾತು ಹಿಂದಿ, ಬೀದಿಯದು ಮರಾಠಿ ಆಗಿರುವ ಮಕ್ಕಳು ಕಡಿಮೆಯಿಲ್ಲ. ಅವರು ಕತೆ ಓದಿ ಮುಗಿಸುತ್ತಾರೆ, ‘ಮುದುಕಿ ಯಾಕೆ ಅತ್ತಳು?’ ಅಂದರೆ ಮುಖ ನೋಡುತ್ತಾರೆ. ಉತ್ತರ ಯಾವ ಭಾಷೆಯಲ್ಲಿ ಹೇಳಿದರೂ ಸರಿ ಅನ್ನಿ. ಆಗ ಅರ್ಥವಾಗದವರು, ಅರ್ಥವಾಗಿಯೂ ಕನ್ನಡದಲ್ಲಿ ಹೇಳಲಾಗದವರು ಎಂದು ಎರಡು ಗುಂಪು ಬೇರೆಯಾಗುತ್ತದೆ. ಇಬ್ಬರಿಗೂ ಬೇಕಾದ ಪಾಠ ಬೇರೆ ಬೇರೆ. ಒಂದೇ ‘ರೆಮಿಡಿಯಲ್’ ಕೋಣೆಗೆ ಎಲ್ಲರನ್ನೂ ತಳ್ಳಿ ಮೂಲಾಕ್ಷರ ತಿದ್ದಿಸುವುದು ಮಕ್ಕಳಿಗೂ ಅವಮಾನ, ಸಮಯವೂ ದಂಡ.

ಎರಡು ಪಟ್ಟಿಯನ್ನೂ ಅಕ್ಕಪಕ್ಕ ಇಡಿ. ಎರಡರಲ್ಲೂ ಇರುವ ಹೆಸರುಗಳಿಂದ ಕೆಲಸ ಶುರು. ಕಲಿಕೆ ಬೇರೆ, ಮಕ್ಕಳ ಕ್ಷೇಮ ಬೇರೆ ಎಂದು ಎರಡು ಸಮಿತಿ ಮಾಡುವ ಶಾಲೆಗಳಿಗೆ ಇದನ್ನು ಎಷ್ಟು ಹೇಳಿದರೂ ಸಾಲದು. ಹೆಸರು ಬರೆದಾಗ ಎರಡು ಪಟ್ಟಿಯಲ್ಲೂ ಬಹುಪಾಲು ಅದೇ ಮಕ್ಕಳು ಇರುತ್ತಾರೆ.

ಸಭೆ ವಾರಕ್ಕೊಂದು, ನಿಗದಿತ ದಿನ, ನಲವತ್ತೈದು ನಿಮಿಷ, ನಾಲ್ಕೈದು ಜನ. ಸುತ್ತೋಲೆ ಓದುವುದಕ್ಕೆ ವಾಟ್ಸಾಪ್ ಇದೆ. ಸಂಬಳದ ಶಾಲಾರ್ಥ್ ಬಿಲ್, ಚುನಾವಣಾ ಡ್ಯೂಟಿ, ಗಣೇಶೋತ್ಸವದ ರಜೆ ಯಾವುದೂ ಈ ಹೊತ್ತಿನಲ್ಲಿ ಬರಕೂಡದು. ಒಮ್ಮೆ ಬಂದರೆ ಅವೇ ಪೂರ್ತಿ ತಿಂದುಹಾಕುತ್ತವೆ. ಮೊದಲ ಹತ್ತು ನಿಮಿಷ ಹಿಂದಿನ ವಾರದ್ದು: ಮಾಡುತ್ತೇನೆ ಅಂದವರು ಮಾಡಿದರಾ, ಮಗುವಿನಲ್ಲಿ ಏನಾದರೂ ಬದಲಾಯಿತಾ. ಆಮೇಲೆ ಆರು ಹೆಸರು, ಆರಕ್ಕಿಂತ ಹೆಚ್ಚು ಬೇಡ. ಪ್ರತಿ ಹೆಸರಿನ ಮುಂದೆ ಒಂದು ಕೆಲಸ, ಅದನ್ನು ಮಾಡುವ ಒಬ್ಬರು, ಒಂದು ತಾರೀಕು. ‘ಎಲ್ಲರೂ ಗಮನ ಕೊಡುವುದು’ ಎಂದು ಠರಾವು ಬರೆದರೆ ಯಾರೂ ಕೊಡುವುದಿಲ್ಲ.

‘ಪಾಲಕರನ್ನು ಕರೆಸುವುದು’ ಕೂಡ ಸುಲಭದ ಠರಾವೇ. ಹೋಟೆಲಿನಲ್ಲಿ ದುಡಿಯುವ ಅಪ್ಪ, ನಾಲ್ಕು ಮನೆ ಪಾತ್ರೆ ತಿಕ್ಕುವ ಅಮ್ಮ ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ; ಬಂದರೂ ಬೈಸಿಕೊಂಡು ಹೋಗಬೇಕು. ರಾತ್ರಿ ಒಂಬತ್ತಕ್ಕೆ ಒಂದು ಫೋನ್ ಮಾಡಿ, ಮೊದಲು ಮಗುವಿನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ, ಆಮೇಲೆ ಒಂದೇ ಪ್ರಶ್ನೆ ಕೇಳಿ. ಹೆಚ್ಚು ಗೊತ್ತಾಗುತ್ತದೆ.

ತರಗತಿಗೆ ಹೋಗಿ ನೋಡುವ ಕ್ರಮವೂ ಬದಲಾಗಬೇಕು. ಮೇಲ್ವಿಚಾರಕರು ನೋಟ್‌ಬುಕ್ ಹಿಡಿದು ಹಿಂದೆ ಕೂತರೆ ಟೀಚರ್ ನಾಟಕ ಆಡುತ್ತಾರೆ, ಯಾರಾದರೂ ಆಡುತ್ತಾರೆ. ಟೀಚರನ್ನು ನೋಡಬೇಡಿ. ಪಟ್ಟಿಯಲ್ಲಿರುವ ಇಬ್ಬರು ಮಕ್ಕಳ ಪಕ್ಕದ ಬೆಂಚಿನಲ್ಲಿ ಇಪ್ಪತ್ತು ನಿಮಿಷ ಕೂತು ಅವರನ್ನು ನೋಡಿ. ಎಷ್ಟು ಸಲ ಅವರಿಗೆ ಪ್ರಶ್ನೆ ಬಂತು? ಬರೆದದ್ದು ಸ್ವಂತವೋ, ಬೋರ್ಡಿನಿಂದ ನಕಲೋ, ಪಕ್ಕದವನ ಪುಸ್ತಕದಿಂದಲೋ? ಪಕ್ಕದವನದ್ದಾದರೆ ಕಣ್ಣು ಪರೀಕ್ಷೆ ಮಾಡಿಸಿ. ಕನ್ನಡಕ ಬೇಕಾದ ಮಗುವನ್ನು ಎರಡು ವರ್ಷ ‘ಕಾಪಿ ಹೊಡೆಯುವವನು’ ಎಂದು ಶಿಕ್ಷಿಸಿದ್ದನ್ನು ಕೇಳಿದಾಗ ಸಿಟ್ಟು ಬಾರದಿದ್ದರೆ ಹೇಗೆ? ಕಂಡದ್ದನ್ನು ಟೀಚರಿಗೆ ಅದೇ ದಿನ, ಎದುರು ಕೂತು, ಐದು ನಿಮಿಷದಲ್ಲಿ ಹೇಳಿ.

ಹಸಿವೂ ಈ ಪಟ್ಟಿಗೆ ಸೇರಿದ್ದು. ಸರ್ಕಾರದ ಪಿಎಂ ಪೋಷಣ್ ಬಿಸಿಯೂಟ ಎಂಟನೇ ತರಗತಿಯವರೆಗೆ ಮಾತ್ರ. ಒಂಬತ್ತು, ಹತ್ತರ ಮಕ್ಕಳು ಅದೇ ಕಟ್ಟಡದಲ್ಲಿ ಖಿಚಡಿಯ ವಾಸನೆ ಕುಡಿದುಕೊಂಡು ಕೂರುತ್ತಾರೆ. ಬೆಳಗಿನ ಪಾಳಿಯಲ್ಲಿ ಬರೀ ಚಹಾ ಕುಡಿದು ಬಂದವರು ಮೂರನೇ ಪೀರಿಯಡ್ಡಿಗೆ ಮೇಜಿನ ಮೇಲೆ ತಲೆ ಇಡುತ್ತಾರೆ. ನಮ್ಮ ಸಂಘಸಂಸ್ಥೆಗಳು ವಾರ್ಷಿಕೋತ್ಸವದ ಶಾಲು, ಹಾರಕ್ಕೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಈ ಕಡೆ ಹರಿದರೆ ಒಂಬತ್ತನೇ ತರಗತಿಗೆ ಒಂದೊಂದು ಬಾಳೆಹಣ್ಣು, ಹಿಡಿ ಕಡಲೆ ವರ್ಷವಿಡೀ ಸಿಗುತ್ತದೆ. ಆಡಳಿತ ಮಂಡಳಿಯವರಿಗೆ ಇದನ್ನು ಮುಖ್ಯೋಪಾಧ್ಯಾಯರು ಹೇಳಲಾರರು, ಹಾಗಾಗಿ ಇಲ್ಲಿ ಬರೆದೆ.

ಒಂದು ಎಚ್ಚರಿಕೆ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವ ಸುಳಿವು ಸಿಕ್ಕರೆ ಅದು ಈ ಸಭೆಗೆ ಬರುವ ವಿಷಯವೇ ಅಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಮಗುವನ್ನು ಆಫೀಸಿಗೆ ಕರೆದು ನಾಲ್ಕು ಜನ ವಿಚಾರಣೆ ಮಾಡಬೇಡಿ, ‘ಸಂಸ್ಥೆಯ ಹೆಸರು’ ಎಂದು ರಾಜಿ ಕೂರಿಸಬೇಡಿ. ಮಕ್ಕಳ ಸಹಾಯವಾಣಿ 1098. ಮಕ್ಕಳ ಸುರಕ್ಷತೆಗಾಗಿ ಶಾಲೆಯಲ್ಲಿರುವ ಸಖಿ ಸಾವಿತ್ರಿ ಸಮಿತಿಯ ಫಲಕ ಗೋಡೆಯ ಮೇಲಿದ್ದರೆ ಸಾಲದು, ಅದರಲ್ಲಿರುವ ಟೀಚರ್ ಯಾರೆಂದು ಐದನೇ ತರಗತಿಯ ಮಗು ಬೆರಳು ತೋರಿಸಿ ಹೇಳುವಂತಿರಬೇಕು. ಖಿನ್ನತೆ, ಸಾಯುವ ಮಾತು ಇತ್ಯಾದಿ ಕಂಡರೆ ಶಿಕ್ಷಕರು ಅರೆಬರೆ ಮನೋವೈದ್ಯರಾಗದೆ ತಜ್ಞರಿಗೆ ದಾಟಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿಯೂ ಇರುತ್ತದೆ.

ಬ್ಯಾನರಿನ ವಿಷಯಕ್ಕೆ ಬಂದರೆ, ಶೇ. 100 ಹೇಗೆ ಬಂತು ಎಂದೂ ಕೆಲವೆಡೆ ಕೇಳಬೇಕಾಗುತ್ತದೆ. ಒಂಬತ್ತರಲ್ಲಿ ಕುಂಟುವ ಹುಡುಗನ ಮನೆಯವರಿಗೆ ‘ಹದಿನೇಳು ನಂಬರ್ ಫಾರ್ಮ್ ತುಂಬಿ, ಹೊರಗಿನಿಂದ ಕೂರಿಸಿ’ ಎಂದು ಸಲಹೆ ಕೊಟ್ಟರೆ ಶಾಲೆಯ ಫಲಿತಾಂಶಕ್ಕೆ ಕಲೆ ತಾಗುವುದಿಲ್ಲ. ಖಾಸಗಿ ಅಭ್ಯರ್ಥಿಯಾಗಿ ಕೂರುವುದು ಕೆಲವರಿಗೆ ನಿಜವಾಗಿಯೂ ಅನುಕೂಲ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಐದನೇ ತರಗತಿಯಲ್ಲಿ ಆ ಹುಡುಗನ ಹೆಸರು ಯಾರ ಪಟ್ಟಿಯಲ್ಲೂ ಇರಲಿಲ್ಲವಲ್ಲ? ಡಿಸೆಂಬರಿನ ಹೆಚ್ಚುವರಿ ತರಗತಿ, ಹಳೆ ಪ್ರಶ್ನೆಪತ್ರಿಕೆಯ ಉರು ಹೊಡೆಸುವಿಕೆ 30 ಅಂಕದವನನ್ನು 35ಕ್ಕೆ ಎತ್ತಬಹುದು. ಓದಲು ಬಾರದವನಿಗೆ ಅದರಿಂದ ಸಿಗುವುದು ನಿದ್ದೆ ಕೆಡುವುದೊಂದೇ.

ಓದಿಸುವ ಕೆಲಸವನ್ನು ವರ್ಷಕ್ಕೆ ಮೂರು ಸಲ ಮಾಡಿದರೆ ಸಾಕು: ಜುಲೈ, ದೀಪಾವಳಿ ಮುಗಿದ ಮೇಲೆ, ಮಾರ್ಚ್. ಏಪ್ರಿಲ್ ಕೊನೆಗೆ ಪಟ್ಟಿ ಮುಂದಿನ ತರಗತಿಯ ಶಿಕ್ಷಕರ ಕೈಗೆ ಹೋಗಬೇಕು, ಕಪಾಟಿಗಲ್ಲ. ಅದರಲ್ಲಿ ಬರೆಯಬೇಕಾದದ್ದು ಮಗು ಈಗ ಯಾವ ಮೆಟ್ಟಿಲಲ್ಲಿದೆ, ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ, ಮನೆಯವರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದರೆ ಸಿಗುತ್ತಾರೆ. ‘ಮಂದಬುದ್ಧಿ’, ‘ಅಪ್ಪ ಕುಡುಕ’ ಇತ್ಯಾದಿ ಇದ್ದರೆ ಹೊಡೆದು ಹಾಕಿ, ಆಮೇಲೆ ಕೊಡಿ.